ಬರಿಗೈಲಿ ಬಾ ಅಂದಿದ್ದರು

ಶಿವಾಜಿನಗರದಲ್ಲಿ ಚೀನಾ ಮೂಲದ ಆಂಟಿಯೊಬ್ಬರ ಚಪ್ಪಲಿ ಅಂಗಡಿ ಇದೆ. ಹುಟ್ಟಿದ್ದು ಇಲ್ಲೇ, ಕನ್ನಡ, ತಮಿಳು ಎರಡೂ ನನಗಿಂತ ಜೋರು. ಅವರಪ್ಪ ಗುವಾಂಗ್ಝೌನ ಹಳೇ ಬೀದಿಯೊಂದರಿಂದ ಬಂದು, ಇಲ್ಲಿ ಬೂಟು ಹೊಲಿದು, ಇಲ್ಲೇ ಸತ್ತವರು. ಎಷ್ಟೋ ವರ್ಷವಾದರೂ ಸಂಜೆ ದೀಪ ಹಚ್ಚೋ ಹೊತ್ತಿಗೆ ಅಂಗಡಿಯಲ್ಲಿ ಅವರ ಸುತ್ತಿಗೆ ಸದ್ದು ಕೇಳ್ತದಂತೆ. ಅಂಗಡಿ ಮಾರಿ ನಮ್ಮನೇಗೆ ಬಾ ಅಂತ ಬಾಣಸವಾಡಿಯಲ್ಲಿರೋ ಮಗಳು ಆಂಟಿಯ ಪ್ರಾಣ ತಿನ್ನುತ್ತಿದ್ದಳು. ಅಪ್ಪನೊಬ್ಬನನ್ನೇ ಬಿಟ್ಟು ಹೇಗೆ ಹೋಗೋದು ಅನ್ನೋದೇ ಇವರ ಸಂಕಟ.

ಹೊಸ ತಿಪ್ಪಸಂದ್ರದಲ್ಲಿ ನನ್ನದು ಅಲಂಕಾರದ ದೀಪಗಳ ಅಂಗಡಿ. ಮಾಲು ತರೋಕೆ ಗುವಾಂಗ್ಝೌಗೆ ಹೋಗ್ತೀನಿ ಅಂದದ್ದೇ ತಡ, ಆಂಟಿ ಅಪ್ಪನ ಹಳೇ ಅಂಗಿಯೊಂದನ್ನು ಕೈಗಿಟ್ಟರು. ಆ ಬೀದಿಯಲ್ಲಿ ಅದನ್ನು ಬಿಡಿಸಿ ಹಿಡಿದು, ಅಪ್ಪನನ್ನು ಕರೆದು, ಊರು ಬಂತು ಅಂತ ಹೇಳಿ, ಅಂಗಿ ಅಲ್ಲೇ ಬಿಡಬೇಕಂತೆ. ಆಗ ಅಪ್ಪನ ಜೀವ ತನ್ನೂರು ಸೇರ್ತದಂತೆ.

"ಆ ಬೀದಿಯಿಂದ ಏನೂ ತರಬೇಡ ಕಣಪ್ಪ. ತಂದರೆ ಅಪ್ಪ ಅದರ ಹಿಂದೇನೇ ಬಂದ್ಬಿಡ್ತಾರೆ. ಬರಿಗೈಲಿ ಬಾ."

ಗುವಾಂಗ್ಝೌ ತಲುಪಿ, ರಾತ್ರಿ ಆ ಬೀದಿಗೆ ಹೋದೆ. ಅಬ್ಬಾ, ಕಮರ್ಷಿಯಲ್ ಸ್ಟ್ರೀಟಿನ ಹಬ್ಬದ ಜನವೆಲ್ಲ ಅಲ್ಲಿಗೇ ಬಂದ ಹಾಗಿತ್ತು. ಕೆಂಪು ದೀಪ, ಸುಟ್ಟ ಮಾಂಸದ ಹೊಗೆ, ಫೋನಿನ ಮುಂದೆ ನಿಂತು ಹಾಡೋ ಹುಡುಗಿಯರು. ರಸ್ತೆಯ ನಡುವೆ ನೆಲ ಅಗೆದು ಗಾಜು ಮುಚ್ಚಿದ್ದಾರೆ. ಕೆಳಗೆ ರಾಜರ ಕಾಲದ ರಸ್ತೆ, ಅದರಡಿ ಅದಕ್ಕೂ ಹಳೇದು. ಬಗ್ಗಿ ನೋಡಿದೆ. ಗಾಜಿನಲ್ಲಿ ನನ್ನ ಮುಖದ ಪಕ್ಕ ಇನ್ನೊಂದು ಮುದಿ ಮುಖ ಕಂಡಂತಾಯ್ತು. ತಿರುಗಿದರೆ ಪಕ್ಕದಲ್ಲಿ ಯಾರೂ ಇಲ್ಲ. ಆಂಟಿ ಕಲಿಸಿದ ಚೀನೀ ಮಾತು ಪೂರ್ತಿ ಮರೆತುಹೋಯ್ತು. ಬಸ್ ಕಂಡಕ್ಟರ್ ಥರ, "ತಾತ, ನಿಮ್ಮ ಬೀದಿ ಬಂತು, ಇಳ್ಕೊಳ್ಳಿ" ಅಂದು, ಅಂಗಿಯನ್ನು ಮರದ ಬುಡದಲ್ಲಿಟ್ಟೆ. ಹೆಗಲು ಹಗುರಾಯ್ತು, ಸುಳ್ಳಲ್ಲ.

ಅಲ್ಲಿಗೆ ಸುಮ್ಮನಿರಬಾರದಾ ನಾನು? ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದು ಅಂತ ಅವ್ವ ಚಿಕ್ಕಂದಿನಿಂದ ತಲೆಗೆ ತುಂಬಿದ್ದಾಳೆ. ಬೀದಿ ತುದಿಯ ಗಾಡಿಯಲ್ಲಿ ಎಳ್ಳಿನ ಮಿಠಾಯಿ ಕಂಡಿತು. ಆಂಟಿಗಿರಲಿ ಅಂತ ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ಊರಿಗೆ ಬಂದು ಕೊಟ್ಟೆ. ಅವರು ಬಿಚ್ಚಿ ನೋಡಿ, ಎಲ್ಲಿಯದು ಅಂತ ಕೇಳಿದಾಗಲೇ ನನಗೆ ಅವರ ಮಾತು ನೆನಪಾದದ್ದು. ಥೂ, ನನ್ನ ಬುದ್ಧಿಗಿಷ್ಟು. ಇನ್ನು ಬೈತಾರೆ ಅಂದ್ಕೊಂಡೆ. ಅವರು ಮೆಲ್ಲಗೆ ಎದ್ದು, ಅಪ್ಪ ಕೂರುತ್ತಿದ್ದ ಮಣೆ ಒರೆಸಿ, ಅದರ ಮೇಲೊಂದು ತುಂಡು ಇಟ್ಟರು.

"ಎಂಟು ದಿನ ಸುತ್ತಿಗೆ ಸದ್ದೇ ಇರಲಿಲ್ಲ ಕಣಪ್ಪ," ಅಂದರು. "ನಿದ್ದೇನೇ ಬರಲಿಲ್ಲ."

ಆಂಟಿ ಅಂಗಡಿ ಇನ್ನೂ ಮಾರಿಲ್ಲ. ಆಮೇಲೆ ಎರಡು ಸಲ ಗುವಾಂಗ್ಝೌಗೆ ಹೋದೆ, ಎರಡು ಸಲವೂ ಅವರಿಗೆ ಹೇಳಿಯೇ ಹೋದೆ. ಅವರು ಇನ್ನೊಂದು ಅಂಗಿ ಕೊಡಲಿಲ್ಲ. ಎಳ್ಳಿನ ಮಿಠಾಯಿ ಮರೀಬೇಡ ಅಂತಷ್ಟೇ ಹೇಳಿದರು.