ಮನೆಯಲ್ಲಿ ಸ್ವಲ್ಪ ವಿಶೇಷ

ಈಚೆಗೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರು ಏನೇ ಕೇಳಲಿ, ಉತ್ತರ ಕೊಡುವ ಮೊದಲು "ಯಾವ ಉದ್ದೇಶಕ್ಕೆ?" ಎಂದುಬಿಡುತ್ತೇನೆ. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ ಮೊಬೈಲ್ ನಂಬರ್ ಕೇಳಿದರೆ, ಯಾವ ಉದ್ದೇಶಕ್ಕೆ? ಮತ್ತಿಕೆರೆಯಲ್ಲಿ ನಮ್ಮ ಎದುರುಮನೆಯ ಜಯಮ್ಮನವರು "ನಿನ್ನೆ ನಿಮ್ಮನೆಗೆ ಯಾರೋ ಕಾರಲ್ಲಿ ಬಂದಿದ್ರಲ್ಲ, ಯಾರ್ರೀ ಅದು?" ಎಂದರೆ, ಯಾವ ಉದ್ದೇಶಕ್ಕೆ? ಮೊನ್ನೆ ನಮ್ಮೆಜಮಾನರು ರಾತ್ರಿ ಅಡುಗೆ ಏನು ಎಂದಾಗಲೂ ಅಭ್ಯಾಸಬಲದಿಂದ ಅದೇ ಮಾತು ಬಂತು. "ತಿನ್ನೋ ಉದ್ದೇಶಕ್ಕೆ ಕಣೇ," ಎಂದು ಅವರು ಟಿ.ವಿ. ಕಡೆ ತಿರುಗಿದರು.

ತಪ್ಪು ಪೂರ್ತಿ ನನ್ನದಲ್ಲ. ನಾಗಸಂದ್ರದ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಎಚ್.ಆರ್. ಮೇಡಂ. ನಲ್ಲಿ, ಪಂಪು, ಪೈಪುಗಳು ಸೋರದಂತೆ ತಡೆಯುವ ರಬ್ಬರ್ ವಾಷರ್ ಮಾಡುವುದು ನಮ್ಮ ಕಸುಬು. ನೌಕರರ ಖಾಸಗಿತನ, ಹೊಸ ದತ್ತಾಂಶ ಕಾನೂನು, ಕೆಲಸದ ಜಾಗದ ತಾರತಮ್ಯ, ಇವುಗಳ ಮೇಲೆ ಹೆಬ್ಬಾಳದ ಒಂದು ಹೋಟೆಲಿನಲ್ಲಿ ದಿನವಿಡೀ ತರಬೇತಿ ಇದೆ ಎಂದು ನಮ್ಮ ಮಾಲೀಕರು ನನ್ನನ್ನು ಕಳಿಸಿದರು. ಎ.ಸಿ. ಕೋಣೆಯಲ್ಲಿ ಹಾಯಾಗಿ ಕೂತು ಬರೋಣ, ಊಟಕ್ಕೆ ಜಾಮೂನಾದರೂ ಇರುತ್ತೆ ಎಂದುಕೊಂಡು ಹೋದವಳು ನಾನು. ಜಾಮೂನೂ ಇತ್ತು. ಆದರೆ ಸಾಯಂಕಾಲ ಬಸ್ಸಿನಲ್ಲಿ ಬರುವಾಗ ನನಗೆ ಜಾಮೂನಿನ ನೆನಪೇ ಇರಲಿಲ್ಲ. ಒಂದು ಕೆಲಸಕ್ಕೆಂದು ಒಬ್ಬರಿಂದ ಪಡೆದ ಮಾಹಿತಿಯನ್ನು ಇನ್ನೊಂದಕ್ಕೆ ಬಳಸಬಾರದು. ಎಷ್ಟು ಸಣ್ಣ ಮಾತು ನೋಡಿ. ಕಾಲೇಜು ಬಿಟ್ಟ ಮೇಲೆ ಯಾವ ಪಾಠವೂ ನನ್ನನ್ನು ಹೀಗೆ ಕುಣಿಸಿರಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತೇ ಇದ್ದರೂ ನನ್ನ ತಲೆ ಮಾತ್ರ ಓಡುತ್ತಲೇ ಇತ್ತು.

ಓಡಿದ್ದು ಪದಗಳ ಹಿಂದೆ. ಖಾಸಗಿ ಅನ್ನುವುದಕ್ಕೆ ನಮ್ಮದೇ ಪದ ಯಾವುದು ಎಂದು ಹುಡುಕಿದೆ. ಖಾಸಗಿ ಪಾರ್ಸಿಯಿಂದ ಬಂದದ್ದಂತೆ, ದೊರೆಗಳ ದರ್ಬಾರಿನ ಪದ. ದೊರೆಗಿದ್ದದ್ದು ನಮಗೆಲ್ಲಿಂದ ಬರಬೇಕು? ನಮಗಿದ್ದದ್ದು ಗುಟ್ಟು. ಆದರೆ ಗುಟ್ಟು ಅಂದ ಕೂಡಲೇ ಏನೋ ತಪ್ಪು ಮಾಡಿ ಮುಚ್ಚಿಟ್ಟ ಹಾಗೆ ಕೇಳುತ್ತೆ. ಸಾಲದ್ದಕ್ಕೆ ರಟ್ಟು ಅನ್ನುವ ಪದ ಪ್ರಾಸ ಹಾಕಿಕೊಂಡು ಪಕ್ಕದಲ್ಲೇ ಕಾಯುತ್ತಾ ಕೂತಿರುತ್ತೆ. ಇನ್ನು ತಾರತಮ್ಯದ ಕಥೆ ಕೇಳಿ. ಸಂಸ್ಕೃತದಲ್ಲಿ ಒಂದಕ್ಕಿಂತ ಒಂದು ಹೆಚ್ಚು ಅನ್ನಲು 'ತರ', ಎಲ್ಲಕ್ಕಿಂತ ಹೆಚ್ಚು ಅನ್ನಲು 'ತಮ'. ಉಚ್ಚತರ, ಉಚ್ಚತಮ. ಈ ಎರಡು ಬಾಲಗಳನ್ನು ಸೇರಿಸಿ ಕಟ್ಟಿದ್ದೇ ತಾರತಮ್ಯ. ತಲೆಯಿಲ್ಲ, ಮೈಯಿಲ್ಲ, ಬರೀ ಬಾಲ. ನಮ್ಮ ಮೇಷ್ಟ್ರು ಬೈಯುವಾಗ "ತರತಮ ಜ್ಞಾನವೇ ಇಲ್ಲ ನಿನಗೆ" ಅನ್ನುತ್ತಿದ್ದರು. ಆಗ ಅದು ಇಲ್ಲದಿರುವುದು ತಪ್ಪಾಗಿತ್ತು. ಈಗ ಇರುವುದು ತಪ್ಪು. ಇದನ್ನೆಲ್ಲ ಪಕ್ಕದ ಸೀಟಿನ ಹೆಂಗಸಿಗೆ ಹೇಳಬೇಕು ಅನ್ನಿಸಿತು. ಆಕೆ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನದಿಂದ ಕಾರ್ಖಾನೆಯಲ್ಲಿ ನನ್ನ ಕಾಟ ಶುರುವಾಯಿತು. ಮಾಲೀಕರು ಮುನಿರಾಜಣ್ಣ, ಶೆಟ್ಟಿಹಳ್ಳಿಯ ಹಳೇ ರೈತ ಮನೆತನದವರು. ರಾಗಿ ಬೆಳೆಯುತ್ತಿದ್ದ ಜಮೀನಿನ ಪಕ್ಕ ಬಡಾವಣೆ ಬಂತು, ಇವರು ಕಾರ್ಖಾನೆಗೆ ಬಂದರು. ಮನಸ್ಸು ಬೆಣ್ಣೆ, ಕುತೂಹಲ ಬೆಟ್ಟ. ಕೆಲಸ ಕೇಳಿಕೊಂಡು ಬಂದವರಿಗೆ ಮೆಷಿನ್ ಬಗ್ಗೆ ಒಂದು ಮಾತು ಕೇಳಿದರೆ, ಯಾವ ಕಡೆಯೋರು, ಯಾವ ಜನ, ಮದುವೆ ಯಾಕಾಗಿಲ್ಲ ಎಂದು ಹತ್ತು ಮಾತು ಕೇಳುವವರು. "ಸಾರ್, ಇದನ್ನೆಲ್ಲ ಕೇಳೋ ಹಾಗಿಲ್ಲ," ಎಂದೆ. "ಮಾತಾಡ್ಸೋದೇ ತಪ್ಪಾ ಅಂಗಾದ್ರೆ?" ಎಂದು ನಿಜವಾಗಿಯೂ ನೊಂದುಕೊಂಡರು. ಪಾಪ ಅನ್ನಿಸಿತು. ಈ ಪಾಪ ಅನ್ನುವ ಪದದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದು ಅಷ್ಟು ಸಾಧುವಲ್ಲ.

ಈಗ ಶೋಭಾ. ಬಾಗಲಕೋಟೆ ಕಡೆಯ ಹುಡುಗಿ, ಎಂಜಿನಿಯರ್, ವರ್ಷಗಳಿಂದ ನಮ್ಮ ಕ್ವಾಲಿಟಿ ವಿಭಾಗವನ್ನು ಹೊತ್ತುಕೊಂಡಿರುವವಳು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಿರಾಕಿಗಳಿಂದ ವಾಪಸ್ ಬರುತ್ತಿದ್ದ ಮಾಲು ಬರುವುದು ನಿಂತದ್ದು ಅವಳ ಕಾಲದಲ್ಲಿ. ಕ್ವಾಲಿಟಿ ಹೆಡ್ ಹುದ್ದೆ ಖಾಲಿಯಾದಾಗ ಅದು ಅವಳಿಗೇ ಎಂದು ಎಲ್ಲರೂ ಒಪ್ಪಿದ್ದರು. ಆದೇಶ ಟೈಪ್ ಮಾಡುವುದೊಂದೇ ಬಾಕಿ. ಆ ಹೊತ್ತಿಗೆ ಸರಿಯಾಗಿ ಅವಳು ಮುನಿರಾಜಣ್ಣನವರ ಕೋಣೆಗೆ ಬಂದು, "ಸರ್, ಸೋಮವಾರ ಅರ್ಧ ದಿನ ರಜಾ ಬೇಕಾಗೇತ್ರಿ. ಮನ್ಯಾಗ ಸ್ವಲ್ಪ ವಿಶೇಷ ಐತ್ರಿ," ಎಂದಳು.

ಕೋಣೆಯಲ್ಲಿ ಮುನಿರಾಜಣ್ಣ, ನಾನು, ಅಕೌಂಟೆಂಟ್ ವೆಂಕಟೇಶ್. ಮೂವರೂ ಬೆಂಗಳೂರಿನವರು. ಹೊಸದಾಗಿ ಮದುವೆಯಾದವಳ ಬಾಯಲ್ಲಿ ವಿಶೇಷ ಅನ್ನುವ ಪದ ಬಂದರೆ ನಮ್ಮ ಕಿವಿಗೆ ತೊಟ್ಟಿಲು ಕಿರುಗುಟ್ಟಿದ್ದೇ ಕೇಳುವುದು. ನಮ್ಮ ಕಡೆ ಮದುವೆಯಾದ ಮೂರನೇ ತಿಂಗಳಿಂದ ಕಂಡಕಂಡವರೆಲ್ಲ "ಏನಮ್ಮಾ, ಏನಾದ್ರೂ ವಿಶೇಷ?" ಎಂದು ಹೊಟ್ಟೆ ನೋಡಿಯೇ ಮಾತಾಡಿಸುತ್ತಾರೆ. ಖಾಸಗಿತನದ ತರಬೇತಿಗೆ ಹೋಗಿಬಂದ ನಾನೇನು ಮಾಡಿದೆ ಅನ್ನುತ್ತೀರಾ? ನಾನೂ ಹೊಟ್ಟೆಯನ್ನೇ ನೋಡಿದೆ. ಅವಳು ಥ್ಯಾಂಕ್ಸ್ ಹೇಳಿ ಹೋದಳು.

ಮಧ್ಯಾಹ್ನದ ಟೀ ಬರುವಷ್ಟರಲ್ಲಿ ಮ್ಯಾನೇಜರುಗಳ ವಾಟ್ಸಾಪ್ ಗುಂಪಿನಲ್ಲಿ ವೆಂಕಟೇಶ್ ಒಂದು ತೊಟ್ಟಿಲಿನ ಚಿತ್ರ ಹಾಕಿ, 'ಶೋಭಾ ಮೇಡಂ ಕಡೆಯಿಂದ ಗುಡ್ ನ್ಯೂಸ್' ಎಂದು ಬರೆದಿದ್ದ. ಅದರ ಕೆಳಗೆ ಹೂಗುಚ್ಛಗಳ ಸಾಲು. ಆ ಗುಂಪಿನಲ್ಲಿ ಶೋಭಾ ಇರಲಿಲ್ಲ. ನೀರು ಸೋರದಂತೆ ತಡೆಯುವ ಕಾರ್ಖಾನೆ ನಮ್ಮದು, ಮಾತು ಸೋರಿದರೆ ನಮ್ಮ ಹತ್ತಿರ ವಾಷರ್ ಇಲ್ಲ. ನಿಜ ಹೇಳುತ್ತೇನೆ, ಕೋಪದ ಜೊತೆಗೆ ನನಗೊಂದು ರೋಮಾಂಚನವೂ ಆಯಿತು. ಹೊಸ ಕಾನೂನು ಡಿಜಿಟಲ್ ಮಾಹಿತಿಗೆ, ಬಾಯಿಮಾತಿಗಲ್ಲ ಎಂದು ಹೆಬ್ಬಾಳದಲ್ಲಿ ಹೇಳಿದ್ದರು. ಪುಣ್ಯಾತ್ಮ ವೆಂಕಟೇಶ್ ಬಾಯಿಮಾತನ್ನು ಮೊಬೈಲಿಗೆ ಹಾಕಿ ಡಿಜಿಟಲ್ ಮಾಡಿಕೊಟ್ಟಿದ್ದ. ಓಡಿಹೋಗಿ, "ಇದು ಡೇಟಾ ಕಣ್ರೀ, ಡಿಲೀಟ್ ಮಾಡ್ರೀ," ಎಂದೆ. ಮಾಡಿದ. ಡಿಲೀಟ್ ಆದ ಸಂದೇಶದಲ್ಲಿ ಏನಿತ್ತು ಎಂದು ಅಲ್ಲಿಯವರೆಗೆ ನೋಡದೇ ಇದ್ದವರೂ ಫೋನ್ ಮಾಡಿ ಕೇಳಿದರು.

ಅಷ್ಟರಲ್ಲಿ ಮುನಿರಾಜಣ್ಣ ಕರೆದರು. "ನೋಡಮ್ಮ, ಶೋಭಮ್ಮಂಗೆ ವಿಶೇಷವಂತೆ. ಪಾಪ, ಬಸುರಿ ಎಣ್ಮಗ್ಳು. ಕಸ್ಟಮರ್ ಫ್ಯಾಕ್ಟ್ರಿಗೆಲ್ಲ ಓಡಾಡಕ್ಕಾಯ್ತದಾ? ಎಡ್ ಪೋಸ್ಟು ಪ್ರದೀಪಂಗೇ ಬರ್ದುಬುಡು. ಸಂಜೆ ಸೈನ್ ಆಕ್ತೀನಿ." ಪ್ರದೀಪ ಶೋಭಾಳ ಕೈಕೆಳಗೇ ಕೆಲಸ ಕಲಿತವನು. ನೋಡಿದಿರಾ, ಪಾಪ ಬಂತು. ತಾರತಮ್ಯ ಅಂದರೆ ಯಾರೋ ಮೀಸೆ ತಿರುವಿಕೊಂಡು 'ನಿನಗೆ ಕೊಡಲ್ಲ ಹೋಗು' ಅನ್ನುವುದು ಎಂದುಕೊಂಡಿದ್ದೆ. ನಮ್ಮಲ್ಲಿ ಅದು ಕನಿಕರದ ದನಿಯಲ್ಲಿ ಬರುತ್ತೆ. ಪಾಪ, ಅವಳಿಗೆ ಕಷ್ಟ. ಪಾಪ, ಮನೇಲಿ ನೋಡಿಕೊಳ್ಳೋರಿಲ್ಲ. ಹೀಗೆ ಪಾಪ ಪಾಪ ಅಂದುಕೊಂಡೇ ಒಬ್ಬಳ ಕುರ್ಚಿ ಎಳೆದು ಇನ್ನೊಬ್ಬನಿಗೆ ಹಾಕುತ್ತೇವೆ.

"ಬಸುರಿ ಅನ್ನೋ ಕಾರಣಕ್ಕೆ ಬಡ್ತಿ ತಪ್ಪಿಸೋ ಹಾಗಿಲ್ಲ ಸಾರ್," ಎಂದೆ. ಅವರು ಯೋಚಿಸಿ ಇನ್ನೊಂದು ದಾರಿ ತೆಗೆದರು. "ಅಂಗಾದ್ರೆ ಬಸುರಿನಾ ಅಂತ ಮೆತ್ತಗೆ ಒಂದ್ ಮಾತು ಕೇಳ್ಬುಡು. ಅವಳು ಇಲ್ಲ ಅಂದ್ರೆ ಈಗ್ಲೇ ಅವಳ ಎಸ್ರಿಗೇ ಬರ್ಯಾನ."

ಎಂಥ ಸುಲಭದ ದಾರಿ. ಆಗಲೇ ನನಗೆ ಇನ್ನೊಂದು ವಿಷಯ ಹೊಳೆದದ್ದು. ಶೋಭಾ ದಿನಾ ಬೆಳಿಗ್ಗೆ ಮೆಟ್ರೋದಲ್ಲಿ ನನ್ನನ್ನು ಕಂಡ ಕೂಡಲೇ "ಮತ್ತೇನ್ ವಿಶೇಷ್ರೀ ಮೇಡಂ?" ಅನ್ನುತ್ತಾಳೆ. ಅವಳ ಊರಿನಲ್ಲಿ ಅದು ಬರೀ ಏನ್ ಸಮಾಚಾರ. ಇಲ್ಲದಿದ್ದರೆ ಐವತ್ತು ದಾಟಿದ ನನ್ನನ್ನು ದಿನಬೆಳಗಾದರೆ ಹಾಗೆ ಕೇಳುತ್ತಿದ್ದಳೇ? ಅವಳ ಮನೆಯ ವಿಶೇಷ ಸತ್ಯನಾರಾಯಣ ಪೂಜೆ ಇರಬಹುದು, ನಾದಿನಿಯನ್ನು ನೋಡಲು ಗಂಡಿನವರು ಬರುವುದಿರಬಹುದು, ಹೊಸ ಫ್ರಿಜ್ ಇರಬಹುದು. ಅಥವಾ ನಮ್ಮ ವಿಶೇಷವೇ ಇರಬಹುದು. ಒಂದು ಮಾತು ಕೇಳಿದರೆ ಮುಗಿಯಿತು. ನನ್ನ ಹೊಟ್ಟೆಯೊಳಗಿನ ಕುತೂಹಲವೂ ತಣ್ಣಗಾಗುತ್ತಿತ್ತು.

ಎದ್ದೇಬಿಟ್ಟೆ. ಬಾಗಿಲವರೆಗೆ ಹೋದೆ. ಅಲ್ಲೇ ನಿಂತೆ. ಅವಳು ಇಲ್ಲ ಅಂದರೆ ಹುದ್ದೆ ಸಿಗುತ್ತೆ, ಸರಿ. ಆದರೆ ಅದು ಸಿಕ್ಕಿದ್ದು ಅವಳ ಕೆಲಸಕ್ಕಲ್ಲ, 'ಇಲ್ಲ' ಎಂದದ್ದಕ್ಕೆ ಎಂದಾಗುತ್ತೆ. ನಾಳೆ ಹೌದು ಅನ್ನಬೇಕಾದವಳು ಏನು ಮಾಡಬೇಕು? ನಾನು ಆ ಪ್ರಶ್ನೆ ಕೇಳಿದ ಗಳಿಗೆಯಲ್ಲೇ ಅದು ಅರ್ಹತೆಯ ಪ್ರಶ್ನೆಯಾಗಿ ಹೋಗುತ್ತೆ. ವಾಪಸ್ ಬಂದು ಕೂತೆ. "ಕೇಳಲ್ಲ ಸಾರ್," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಹೆದರಿಕೆಯೋ ಉತ್ಸಾಹವೋ ನನಗೇ ಗೊತ್ತಾಗಲಿಲ್ಲ.

"ಅಂಗಾದ್ರೆ ಪ್ರದೀಪಂಗೇ ಬರಿ," ಎಂದರು ಮುನಿರಾಜಣ್ಣ. ಅವರಿಗೂ ಹಟ. "ಅವನಿಗೂ ಬೇಕು ಪಾಪ. ಎಂಡ್ತಿ ಏಳು ತಿಂಗಳ ಬಸುರಿ. ಕರ್ಚು ಜಾಸ್ತಿ ಆಯ್ತದೆ."

ಇದು ಎಲ್ಲರಿಗೂ ಗೊತ್ತಿದ್ದದ್ದೇ. ಪ್ರದೀಪನೇ ಊರೆಲ್ಲ ಸಾರಿ, ಎಲ್ಲರ ಬಾಯಿಗೂ ಧಾರವಾಡ ಪೇಡೆ ಹಾಕಿದ್ದ. ಆದರೂ ಅವರ ಬಾಯಿಂದ ಆ ಮಾತು ಬಂದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ಸಾರ್, ಹಾಗಾದ್ರೆ ಅವನ ಮನೇಲೂ ವಿಶೇಷ ಇದೆ. ಅವನ ಮನೇಲಿ ವಿಶೇಷ ಅಂತ ಅವನಿಗೆ ಕೊಡೋಣ, ಇವಳ ಮನೇಲಿ ವಿಶೇಷ ಅಂತ ಇವಳಿಗೆ ತಪ್ಪಿಸೋಣ. ಹಾಗೇ ಬರೀಲಾ?"

ಮುನಿರಾಜಣ್ಣ ಟೀ ಲೋಟ ಎತ್ತಿ ನೋಡಿದರು, ಖಾಲಿ. ಕೊನೆಗೆ ನಗು ಬಂತು ಅವರಿಗೆ. "ನಾನೇ ಕರ್ಚು ಮಾಡಿ ಕಳ್ಸಿ ನಿನ್ನ ಇಂಗೆ ಮಾಡ್ಕಂಡೆ ನೋಡು," ಎಂದರು. "ಬರಿ, ಶೋಭಮ್ಮನ ಎಸ್ರಿಗೇ ಬರಿ." ಬರೆದೆ. ಇಷ್ಟು ಖುಷಿಯಿಂದ ನಾನು ಯಾವ ಆದೇಶವನ್ನೂ ಟೈಪ್ ಮಾಡಿದವಳಲ್ಲ, ಹೆಸರಿನಲ್ಲೇ ತಪ್ಪು ಬಿದ್ದು ಮತ್ತೆ ಮಾಡಬೇಕಾಯಿತು. ಅವರು ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೂವೇ, ಎಷ್ಟು ತಿಂಗ್ಳಂತಮ್ಮ?"

ಇದೆಲ್ಲ ಆಗಿ ಕೆಲವು ವಾರವಾಯಿತು. ಶೋಭಾ ಈಗ ಕ್ವಾಲಿಟಿ ಹೆಡ್. ವೆಂಕಟೇಶನ ತೊಟ್ಟಿಲಿನ ವಿಷಯ ಅವಳ ಕಿವಿಗೂ ಬಿದ್ದಿದೆ, ವೆಂಕಟೇಶನ ಕಿವಿಗೂ ಒಂದಷ್ಟು ಬಿದ್ದಿದೆ. ನಾನು ಮಾತ್ರ ದಿನಾ ಯಶವಂತಪುರದಿಂದ ಮೆಟ್ರೋದಲ್ಲಿ ಅವಳ ಪಕ್ಕ ಕೂತು, ಆ ಸೋಮವಾರದ ಮಾತು ನಾಲಿಗೆ ತುದಿಗೆ ಬಂದಾಗಲೆಲ್ಲ ಹವಾಮಾನದ ಬಗ್ಗೆ ಮಾತಾಡಿದ್ದೇನೆ. ಈ ಊರಿನ ಹವಾಮಾನದ ಬಗ್ಗೆ ಇಷ್ಟೊಂದು ಹೇಳಲಿಕ್ಕಿದೆ ಎಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಸಂಜೆ ಮೆಟ್ರೋದಲ್ಲಿ ವಾಪಸ್ ಬರುವಾಗ, ಮೋಡದ ಬಗ್ಗೆ ನಾನು ಏನೋ ಹೇಳುತ್ತಿದ್ದಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಮೇಡಂ, ಆ ಸೋಮವಾರ ಮನ್ಯಾಗ ಏನ್ ವಿಶೇಷ ಇತ್ತಂತ ಆಫೀಸಿನ್ಯಾಗ ಎಲ್ಲಾರೂ ಕೇಳಿದ್ರು. ನೀವೊಬ್ರ ಒಂದ ಸಲನೂ ಕೇಳ್ಲಿಲ್ಲ ನೋಡ್ರಿ. ಅದಕ್ಕ ನಿಮಗಷ್ಟ ಹೇಳ್ತೀನಿ," ಎಂದು ಕಿವಿಯ ಹತ್ತಿರ ಬಾಗಿ ಹೇಳಿದಳು. ಕೇಳಿ ನನಗೆಷ್ಟು ಸಂತೋಷವಾಯಿತೆಂದರೆ ನಮ್ಮ ಸ್ಟೇಷನ್ ದಾಟಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮನೆಯಲ್ಲಿ ಎಜಮಾನರು ಕೇಳಿದರು, ಹೇಳಲಿಲ್ಲ. ಮುನಿರಾಜಣ್ಣ ಈಗಲೂ ದಿನಕ್ಕೊಮ್ಮೆ ಹುಬ್ಬು ಹಾರಿಸುತ್ತಾರೆ, ಹೇಳಿಲ್ಲ. ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ನಿಮಗೂ ತಿಳಿಯಬೇಕು ಅನ್ನಿಸುತ್ತಿರುವುದು ನನಗೆ ಗೊತ್ತು. ಆದರೆ ಅವಳು ಹೇಳಿದ್ದು ನನ್ನೊಬ್ಬಳಿಗೆ. ಅದೂ ಅಲ್ಲದೆ, ಯಾವ ಉದ್ದೇಶಕ್ಕೆ?