ಧೂಪದ ಮರದ ವಿಳಾಸ

ಕಳೆದ ಗುರುವಾರ ಓದುಗರೊಬ್ಬರು ನನಗೊಂದು ಉಡುಗೊರೆ ತಂದುಕೊಟ್ಟರು. ಬಿರಡೆ ಹಾಕಿದ ಔಷಧಿ ಬಾಟ್ಲಿ. ಒಳಗೆ ಹಳದಿ ಎಣ್ಣೆ.

ಅರಳಸುರಳಿ ಕಡೆಯಿಂದ ಬಸ್ಸು ಬದಲಿಸಿ ಸಾಗರಕ್ಕೆ ಬಂದಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ತುಂಬ ಸಂಕೋಚದ ಮನುಷ್ಯ. ನಮ್ಮ ಮನೆ ಹೇಗೆ ಸಿಕ್ಕಿತು ಎಂದು ಕೇಳಿದೆ.

"ಪೋಸ್ಟಾಫೀಸಿನ ಹಿಂದೆ, ಬಾಗಿಲಲ್ಲೇ ಪಾರಿಜಾತ ಅಂತ ನೀವೇ ಬರ್ದಿದ್ರಲ್ಲ ಅಮ್ಮಾ."

(ಬರೆದಿದ್ದೆ. ನಾನು ಏನನ್ನು ತಾನೇ ಬರೆಯದೆ ಬಿಟ್ಟಿದ್ದೇನೆ?)

"ಬೆಟ್ಟ ಹತ್ತಿ ಮಂಡಿ ಹಿಡ್ಕೊಂಡಿದೆ ಅಂತಾನೂ ಬರ್ದಿದ್ರಿ. ಇದನ್ನ ಹಚ್ಚಿ ನೋಡಿ. ನಮ್ಮ ಅಮ್ಮ ಎರಡು ವರ್ಷದಿಂದ ಎದ್ದಿರ್ಲಿಲ್ಲ. ನಿನ್ನೆ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋದ್ರು."

"ಎಂತದಿದು?"

"ಮಂಗಟ್ಟೆ ಹಕ್ಕಿ ಕೊಬ್ಬು ಕಾಯ್ಸಿದ್ದು. ನೀವು ಬರ್ದ ಮರದ್ದೇ."

ಅವರಿಗೆಂದು ಕಾಫಿ ಲೋಟ ಇಡುತ್ತಿದ್ದೆ. ಕೈ ಅದರ ಮೇಲೇ ನಿಂತಿತು.

ಹೋದ ವಾರದ ಅಂಕಣ ಓದದವರಿಗೆ ಹೇಳುತ್ತೇನೆ (ಓದದಿದ್ದವರು ಪುಣ್ಯವಂತರು). ಲಿಂಗನಮಕ್ಕಿ ನೀರು ನಮ್ಮ ಸುತ್ತಿನ ಕಾಡನ್ನು ಮುಳುಗಿಸಿದ ಮೇಲೆ, ಹಕ್ಕಿ ನೋಡಬೇಕೆಂದರೆ ನನಗೂ ನಮ್ಮನೆಯವರಿಗೂ ಕೊಡಚಾದ್ರಿಯೇ ಗತಿ. ಒಂದು ಹಳೇ ದುರ್ಬೀನು, ಒಂದು ನೋಟ್‌ಬುಕ್ಕು, ಒಂದು ಡಬ್ಬಿ ಅವಲಕ್ಕಿ. ನಿಟ್ಟೂರಿನಲ್ಲಿ ಬಸ್ಸಿಳಿದರೆ ಮುಂದೆ ಈರಪ್ಪನವರೇ ದಾರಿ. ಬೆಟ್ಟದ ಬುಡದಲ್ಲಿ ಜೇನು ತೆಗೆದು ಬದುಕುವವರು, ನನಗಿಂತ ಹಿರಿಯರು.

ಅವರು ತೋರಿಸಿದ್ದು ಒಂದು ಧೂಪದ ಮರದಲ್ಲಿದ್ದ, ದೊಡ್ಡ ಕೊಕ್ಕಿನ ಮಂಗಟ್ಟೆಯ ಗೂಡು. ಹೆಣ್ಣು ಹಕ್ಕಿ ಪೊಟರೆ ಹೊಕ್ಕು, ಬಾಯನ್ನು ಮೆತ್ತಿ ಮುಚ್ಚಿ, ಕೊಕ್ಕಿನ ತುದಿ ಹೊರಬರುವಷ್ಟೇ ಸೀಳು ಬಿಟ್ಟುಕೊಂಡು ಕಾವು ಕೂರುತ್ತದೆ. ರೆಕ್ಕೆಯ ಗರಿಯೂ ಆಗ ಉದುರಿರುತ್ತದಂತೆ. ಮರಿ ಬೆಳೆಯುವ ತನಕ ಗಂಡು ಹಣ್ಣು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಗಂಡು ಬಸರಿ ಹಣ್ಣನ್ನು ಗಂಟಲಿಂದ ಒಂದೊಂದಾಗಿ ತೆಗೆದು ಸೀಳಿಗೆ ಕೊಡುವುದನ್ನು ನೋಡುತ್ತಾ ನಾನು ಅವಲಕ್ಕಿಯನ್ನೇ ಮರೆತೆ.

ನೋಟ್‌ಬುಕ್ಕು ಮಾತ್ರ ಮರೆಯಲಿಲ್ಲ.

"ಅಮ್ಮಾ, ಇದ್ನೆಲ್ಲ ಬರ್ಕಬ್ಯಾಡಿ," ಎಂದಿದ್ದರು ಈರಪ್ಪನವರು. "ಗೂಡು ಎಲ್ಲೈತೆ ಅಂತ ನಮ್ಮಲ್ಲಿ ಬಾಯ್ಬಿಡಲ್ಲ. ಯಾರಾದ್ರೂ ಕೇಳಿದ್ರೆ ಗದ್ದ ಎತ್ತಿ 'ಆ ಕಡೆ' ಅನ್ನದು. ಅಷ್ಟೆ."

"ಇವಳಿಗೆ ಹೇಳ್ತೀರಾ?" ಎಂದು ನಮ್ಮನೆಯವರು ನಕ್ಕರು. "ಉಪ್ಪಿನಕಾಯಿ ಭರಣಿಗೂ ತಾರೀಖು ಬರೆದು ಅಂಟಿಸೋಳು."

ನಾನೂ ನಕ್ಕೆ. ಮನೆಗೆ ಬಂದು ಅಂಕಣ ಬರೆದೆ. ಯಾವ ಹಳ್ಳ ದಾಟಬೇಕು, ಅಲ್ಲಿಂದ ಧೂಪದ ಮರ ಎಷ್ಟು ದೂರ, ಗಂಡು ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತದೆ, ಮೊದಲು ಯಾವ ಕೊಂಬೆಯಲ್ಲಿ ಕೂರುತ್ತದೆ, ಎಲ್ಲವನ್ನೂ. ಚೆಂದ ಬಂದಿದೆ ಎಂದು ಎರಡು ಸಲ ಓದಿಕೊಂಡೆ ಕೂಡ.

"ಒಳಗೆ ಹೆಣ್ಣಿತ್ತಲ್ಲ?" ಎಂದೆ ಅರಳಸುರಳಿಯವರಿಗೆ.

"ಅದನ್ನ ಮುಟ್ಟಿಲ್ಲ ಅಮ್ಮಾ, ದೇವರಾಣೆ! ಗಂಡು ಒಂದೇ. ನೀವು ಬರ್ದ ಹೊತ್ತಿಗೆ ಸರಿಯಾಗಿ ಬಂತು ಮಾರಾಯ್ರೆ. ಕೋವಿ ಹಿಡ್ಕೊಂಡು ಕಾಯೋದೇ ಬೇಡಾಯ್ತು."

ಆ ಮನುಷ್ಯನ ಮೇಲೆ ರೇಗಬೇಕಿತ್ತು. ರೇಗಲು ಆಗಲಿಲ್ಲ. ತಾಯಿ ಎದ್ದು ನಡೆದ ಸಂತೋಷ ಆ ಮುಖದ ಮೇಲೆ ಹಾಗೇ ಇತ್ತು. ಬೈಯುವುದಿದ್ದರೆ ಯಾರನ್ನು ಬೈಯಲಿ?

ಮರುದಿನ ಮೊದಲ ಬಸ್ಸಿಗೇ ಹೋದೆವು. ಈರಪ್ಪನವರು ಮರದ ಬುಡದಲ್ಲೇ ಇದ್ದರು. ಉದ್ದದ ಬಿದಿರಿಗೆ ಇನ್ನೊಂದು ಬಿದಿರು ಕಟ್ಟಿ, ತುದಿಗೆ ಬಸರಿ ಹಣ್ಣಿನ ಗೊಂಚಲು ಸಿಕ್ಕಿಸಿ ಸೀಳಿನ ಹತ್ತಿರ ಹಿಡಿದಿದ್ದರು. ಮೂರು ದಿನದಿಂದ ಇದೇ ಕೆಲಸವಂತೆ.

ದುರ್ಬೀನಿನಲ್ಲಿ ನೋಡಿದೆ. ಕೊಕ್ಕಿನ ತುದಿ ಹೊರಗೆ ಬಂತು. ಹಣ್ಣು ತಗುಲಿದ್ದೇ ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಬಿದಿರಿನಿಂದ ಅದಕ್ಕೆ ಒಂದು ಹಣ್ಣೂ ಬೇಡ.

ಈರಪ್ಪನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿದಿರು ಕೆಳಗಿಳಿಸಿ ಬೆವರು ಒರೆಸಿಕೊಂಡು, "ನಂಗೆ ಓದಕ್ಕೆ ಬರಲ್ಲ ಅಮ್ಮಾ," ಎಂದರು. "ಪೇಪರಲ್ಲಿ ಬಂದೈತೆ ಅಂತ ಅಂಗಡೀಲಿ ಓದಿ ಹೇಳಿದ್ರು. ನಮ್ಮಪ್ಪನ ಕಾಲದಿಂದ ಆ ಮರದಾಗೆ ಗೂಡು ಐತೆ. ಯಾರಿಗೂ ಗೊತ್ತಿರ್ಲಿಲ್ಲ."

ಇಳಿಯುವಾಗ ಮಂಡಿ ಕಿತ್ತುಕೊಂಡು ಬರುವಷ್ಟು ನೋವು. ನಮ್ಮನೆಯವರು ಕೈ ಕೊಟ್ಟರು. ತಮಾಷೆ ಮಾಡಲಿಲ್ಲ.

ನಿನ್ನೆ ಒಂದು ಕಾರ್ಡು ಬಂತು. ಈರಪ್ಪನವರು ಹೇಳಿ ಯಾರಿಂದಲೋ ಬರೆಸಿದ್ದು. ಎರಡು ದಿನದಿಂದ ಸೀಳಿನಲ್ಲಿ ಕೊಕ್ಕು ಕಾಣಿಸಿಲ್ಲ. ಮೆತ್ತಿದ್ದು ಮೆತ್ತಿದ ಹಾಗೇ ಇದೆ. ಹತ್ತಿ ನೋಡಲು ಮನಸ್ಸಾಗಲಿಲ್ಲ. ಅಷ್ಟೇ ಇದ್ದದ್ದು.

ಬಾಟ್ಲಿ ಕಿಟಕಿಯಲ್ಲಿದೆ. ಹಚ್ಚಿಲ್ಲ, ಚೆಲ್ಲಿಯೂ ಇಲ್ಲ.

ಅದೇ ಟಪಾಲಿನಲ್ಲಿ ಆನಂದಪುರದ ಓದುಗರೊಬ್ಬರ ಕಾಗದವೂ ಇತ್ತು. ನನ್ನ ಬರಹ ಬಹಳ ಮೆಚ್ಚಿಗೆಯಾಯಿತಂತೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಜೋಡಿಯನ್ನು ತೋರಿಸಬೇಕಂತೆ, ಹಳ್ಳ ದಾಟಿದ ಮೇಲೆ ಮರ ಎಡಕ್ಕೋ ಬಲಕ್ಕೋ ಎಂದು ಕೇಳಿದ್ದಾರೆ.

ಗದ್ದ ಎತ್ತಿ 'ಆ ಕಡೆ' ಅನ್ನುವುದನ್ನು ಕಾಗದದಲ್ಲಿ ಬರೆಯುವುದು ಹೇಗೆ?