ಜಾಗ ಹಿಡಿಯುವ ಕುರ್ಚಿ

ಕ್ರಿಸ್‌ಮಸ್ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಆ ಮರುಭೂಮಿ ಉದ್ಯಾನದಲ್ಲಿ ಉಂಡು ಮಲಗಲೂ ಆಗುವ ಕ್ಯಾಂಪರ್ ವ್ಯಾನು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಹಗಲು ಸುತ್ತಾಡಲು ವ್ಯಾನು ಹೊರತೆಗೆಯುವವರು ತಮ್ಮ ಜಾಗದಲ್ಲೊಂದು ಮಡಚುವ ಕುರ್ಚಿ ಇಟ್ಟು ಹೋಗುತ್ತಾರೆ. ಇಲ್ಲವಾದರೆ ಖಾಲಿಯೆಂದು ಬೇರೆಯವರು ಬಂದು ಬಿಡಾರ ಹೂಡಿಬಿಡುತ್ತಾರೆ. ವಿಲ್ಮಾ ಪ್ರತಿ ಚಳಿಗಾಲ ಇಡುತ್ತಿದ್ದುದು ಗಂಡ ಹಾರ್ಲನ್‌ನ ಹಸಿರು ಕುರ್ಚಿ. ಅವನು ಕೂತೂ ಕೂತೂ ಅದರ ಬಟ್ಟೆ ಜೋತುಬಿದ್ದಿತ್ತು.

ಹಾರ್ಲನ್ ಬೇಸಿಗೆಯಲ್ಲಿ ತೀರಿಕೊಂಡ. ಚಳಿಗಾಲಕ್ಕೆ ವಿಲ್ಮಾ ಎಂದಿನಂತೆ ಬಂದಳು, ಎಂದಿನಂತೆ ಬೀನ್ಸ್ ಬೇಯಿಸಿಕೊಂಡು ತಿಂದಳು. ಎದೆಯಲ್ಲಿ ಏನೂ ಅಲುಗಲಿಲ್ಲ. ರಜೆ ಮುಗಿಸಿ ಊರಿಗೆ ಹೊರಟಾಗ, ಬಿಡಾರಗಳ ಉಸ್ತುವಾರಿ ನೋಡುವ ಡೆಲ್ಬರ್ಟ್ ಏದುಸಿರು ಬಿಡುತ್ತಾ ಓಡಿಬಂದ.

"ವಿಲ್ಮಕ್ಕಾ, ಕುರ್ಚಿ ಮರ್ತು ಹೊರಟ್ರಲ್ಲ! ಹಿಂಗೆ ಬಿಟ್ಟೋದ್ರೆ, ಇಲ್ಲಿದ್ದೋರು ಇನ್ನೇನು ಬಂದ್ಬಿಡ್ತಾರೆ ಅಂದ್ಕೋತಾರೆ ಜನ."

"ಅಂದ್ಕೊಳ್ಲಿ ಬಿಡಪ್ಪ," ಎಂದು ವಿಲ್ಮಾ ಗೇರು ಹಾಕಿದಳು.